ಮುಂಚಕ್ರದ ಅಗಲ

ಮೋಟಾರ್‌ಸೈಕಲ್ಲಿನ ಮುಂದಿನ ಟಯರೊಂದಕ್ಕೆ ಹತ್ತು ನಿಮಿಷಗಳ ಭಾಷಣವನ್ನು ಮೀಸಲಿಡುವಷ್ಟು ಮಹತ್ವವಿದೆಯೇ ಎಂದು ಕೇಳುಗರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಕೆಲವು ವರ್ಷಗಳ ಹಿಂದೆ ಯಾರಾದರೂ ಇಂಥ ವಿಷಯವನ್ನೆತ್ತಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ. ಟಯರೆಂದರೆ ಸವೆಯುವ ವಸ್ತು, ಸವೆದಾಗ ಬದಲಿಸಬೇಕು, ಬದಲಿಸುವಾಗ ಇದ್ದುದಕ್ಕಿಂತ ತುಸು ದಪ್ಪದ್ದು ದೊರೆತರೆ ಲಾಭವೇ ಸರಿ. ನನ್ನ ತಿಳಿವಳಿಕೆ ಇಷ್ಟೇ ಆಗಿತ್ತು. ಈ ತಿಳಿವಳಿಕೆಯ ಬೆಲೆಯನ್ನು ನನಗಿಂತ ಹೆಚ್ಚಾಗಿ ನನ್ನ ಹೆಂಡತಿಯ ಮೊಣಕಾಲು ತೆರಬೇಕಾಯಿತು.

ನನ್ನಲ್ಲಿರುವುದು 2013ರಲ್ಲಿ ಕೊಂಡ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್, 350 ಸಿ.ಸಿ. ಶಕ್ತಿಯದು. ರಜೆ ಬಂದರೆ ನಾವಿಬ್ಬರೂ ಎರಡು ಚೀಲಗಳನ್ನು ಹಿಂದೆ ಬಿಗಿದುಕೊಂಡು ಮಲೆನಾಡಿನ ಕಡೆಗೋ ಕರಾವಳಿಯ ಕಡೆಗೋ ಹೊರಟುಬಿಡುವುದು ವಾಡಿಕೆ. 2022ರ ಬೇಸಿಗೆಯಲ್ಲಿ ಅದರ ಮುಂದಿನ ಟಯರು ಸವೆದು ನುಣುಪಾಗಿತ್ತು. ಅದರ ಪಕ್ಕೆಯ ಮೇಲೆ 90/90-19 ಎಂದು ಅಚ್ಚೊತ್ತಿತ್ತು. ಅಂಗಡಿಯ ಹುಡುಗ ಅದನ್ನೊಮ್ಮೆ ನೋಡಿ, "ಸಾರ್, ಹೊಸ ಮಾಡಲ್ಲಿಗೆ ಕಂಪನಿಯವರೇ 100/90 ಹಾಕ್ತಿದಾರೆ. ಎರಡೂ ಹತ್ತೊಂಬತ್ತೇ. ಆರಾಮಾಗಿ ಕೂರುತ್ತೆ" ಎಂದ. ಅವನ ಮಾತು ಸುಳ್ಳಾಗಿರಲಿಲ್ಲ. 2021ರಲ್ಲಿ ಬಂದ ಹೊಸ ಕ್ಲಾಸಿಕ್‌ಗೆ ಮುಂದೆ 100/90-19 ಅಳತೆಯ ಟಯರೇ ಇದೆ. ಹೊಸದಕ್ಕೆ ಒಪ್ಪಿದ್ದು ಹಳೆಯದಕ್ಕೇಕೆ ಒಪ್ಪಬಾರದು? ನಾನು ಹೂಂಗುಟ್ಟಿದೆ. ಟಯರು ರಿಮ್ಮಿನ ಮೇಲೆ ಕುಳಿತೂ ಬಿಟ್ಟಿತು.

ಈ ಅಂಕಿಗಳ ಅರ್ಥವನ್ನು ಮೊದಲು ಬಿಡಿಸಿಕೊಳ್ಳೋಣ. 90/90-19 ಎಂಬಲ್ಲಿ ಮೊದಲನೆಯದು ಟಯರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಅಳತೆಯಲ್ಲ, ಶೇಕಡಾ ಪ್ರಮಾಣ: ಟಯರಿನ ಎತ್ತರವು ಅದರ ಅಗಲದ ಶೇಕಡಾ 90ರಷ್ಟು ಎಂದು ಅರ್ಥ. ಮೂರನೆಯದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರೂ ಶೇಕಡಾವಾರೂ ಅಂಗುಲವೂ ಕೂಡಿ ಬಾಳುವ ಈ ವಿಚಿತ್ರ ಸಂಸಾರ ಜಗತ್ತಿನಾದ್ಯಂತ ಹೀಗೆಯೇ ನಡೆದುಬಂದಿದೆ. ಮುಖ್ಯ ಸಂಗತಿಯೆಂದರೆ, ಎತ್ತರವು ಅಗಲದ ಬಾಲ ಹಿಡಿದು ಬರುತ್ತದೆ. ಅಗಲ 90 ಇದ್ದಾಗ ಎತ್ತರ 81 ಮಿಲಿಮೀಟರು. ಅಗಲ 100 ಆದರೆ ಎತ್ತರ 90. ಅಂದರೆ ನಾನು ಅಗಲವನ್ನಷ್ಟೇ ಕೊಂಡೆನೆಂದು ತಿಳಿದಿದ್ದರೂ, ಕೇಳದೆಯೇ ಎತ್ತರವೂ ಮನೆಗೆ ಬಂದಿತ್ತು. ಚಕ್ರದ ಒಟ್ಟು ವ್ಯಾಸ 18 ಮಿಲಿಮೀಟರು ಹೆಚ್ಚಿ, ಅಚ್ಚು 9 ಮಿಲಿಮೀಟರು ಮೇಲಕ್ಕೆದ್ದಿತ್ತು. ಚಕ್ರದ ಸುತ್ತಳತೆ ಸುಮಾರು ಶೇಕಡಾ 2.8ರಷ್ಟು ಬೆಳೆಯಿತು. ನನ್ನ ಗಾಡಿಯಲ್ಲಿ ವೇಗಮಾಪಕಕ್ಕೆ ಚಾಲನೆ ಸಿಗುವುದು ಮುಂದಿನ ಚಕ್ರದಿಂದ. ಹಾಗಾಗಿ ಅದು ಮೊದಲು ತೋರಿಸುತ್ತಿದ್ದುದಕ್ಕಿಂತ ಅಷ್ಟು ಕಡಿಮೆ ತೋರಿಸತೊಡಗಿತು. ಇದು ದೊಡ್ಡ ಅನಾಹುತವೇನಲ್ಲ, ಬಿಡಿ.

ಅಗಲವಾದ ಟಯರನ್ನು ಬಯಸುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದು ಚಿತ್ರವಿರುತ್ತದೆ: ಅಗಲ ಹೆಚ್ಚಿದರೆ ನೆಲವನ್ನು ಮುಟ್ಟುವ ರಬ್ಬರೂ ಹೆಚ್ಚು, ಹಿಡಿತವೂ ಹೆಚ್ಚು. ನನ್ನ ಮನಸ್ಸಿನಲ್ಲಿದ್ದುದೂ ಅದೇ. ಆದರೆ ಲೆಕ್ಕ ಬೇರೆ ಮಾತು ಹೇಳುತ್ತದೆ. ಗಾಡಿಯ ಭಾರವನ್ನು ಬಹುಮಟ್ಟಿಗೆ ಹೊರುವುದು ಟಯರಿನೊಳಗಿನ ಗಾಳಿ. ಮುಂಚಕ್ರದ ಮೇಲೆ 100 ಕಿಲೋ ಭಾರವಿದೆ, ಒಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಒಂದೂವರೆ ಕಿಲೋ, ಎಂದರೆ ಪಂಕ್ಚರ್ ಅಂಗಡಿಯ ಭಾಷೆಯಲ್ಲಿ ಇಪ್ಪತ್ತೆರಡು ಪೌಂಡಿನ ಆಸುಪಾಸು, ಎಂದಿಟ್ಟುಕೊಳ್ಳೋಣ. ಆಗ ನೆಲವನ್ನು ತಬ್ಬುವ ರಬ್ಬರಿನ ವಿಸ್ತೀರ್ಣ ಸುಮಾರು 67 ಚದರ ಸೆಂಟಿಮೀಟರು, ಬೆರಳು ಬಿಟ್ಟು ಅಂಗೈಯಷ್ಟು ಮಾತ್ರ. ಟಯರು ಅಗಲವಾದರೂ ಭಾರವೂ ಒತ್ತಡವೂ ಅಷ್ಟೇ ಇದ್ದರೆ ಈ ವಿಸ್ತೀರ್ಣ ಹೆಚ್ಚೇನೂ ಬದಲಾಗುವುದಿಲ್ಲ. ಬದಲಾಗುವುದು ಅದರ ಆಕಾರ. ಉದ್ದಕ್ಕೆ ಚಾಚಿದ್ದ ಅಂಗೈ ಅಡ್ಡಕ್ಕೆ ತಿರುಗಿಕೊಳ್ಳುತ್ತದೆ. ಇದರಿಂದ ಪ್ರಯೋಜನವೇ ಇಲ್ಲವೆಂದಲ್ಲ. ದೊಡ್ಡ ಟಯರಿನಲ್ಲಿ ಹೆಚ್ಚು ಗಾಳಿಗೆ ಸ್ಥಳವಿದೆ, ಕುಲುಕಾಟ ಕಡಿಮೆ. ಹೊರುವ ಸಾಮರ್ಥ್ಯವೂ ಹೆಚ್ಚು: ಹಳೆಯ ಟಯರಿನ ಮೇಲಿದ್ದ 52 ಎಂಬ ಅಂಕಿಗೆ 200 ಕಿಲೋ ಎಂದರ್ಥ, ಹೊಸದರ ಮೇಲಿನ 57ಕ್ಕೆ 230 ಕಿಲೋ. ಆದರೆ ನಮ್ಮ ಇಬ್ಬರು ಸವಾರರು, ಎರಡು ಚೀಲಗಳು, ಎಲ್ಲವೂ ಕೂತಿದ್ದುದು ಹಿಂದಿನ ಚಕ್ರದ ಕಡೆಗೆ. ಮುಂದಿನ ಟಯರು ಭಾರದ ಬಗ್ಗೆ ಎಂದೂ ದೂರು ಹೇಳಿರಲಿಲ್ಲ.

ಇನ್ನು ರಿಮ್ಮು. ಅದರ ವ್ಯಾಸ ಹತ್ತೊಂಬತ್ತು ಅಂಗುಲವೆಂಬುದನ್ನು ಅಂಗಡಿಯ ಹುಡುಗನೂ ನೋಡಿದ್ದ, ನಾನೂ ನೋಡಿದ್ದೆ. ರಿಮ್ಮಿಗೂ ಒಂದು ಅಗಲವಿದೆಯೆಂಬುದನ್ನು ಇಬ್ಬರೂ ನೋಡಿರಲಿಲ್ಲ. ನನ್ನದರ ಒಳ ಅಗಲ 1.85 ಅಂಗುಲ. 90 ಮಿಲಿಮೀಟರಿನ ಟಯರಿಗೆ ಇದು ಒಪ್ಪಿತ ಅಳತೆಗಳಲ್ಲಿ ಅತ್ಯಂತ ಕಿರಿದಾದದ್ದು. 100 ಮಿಲಿಮೀಟರಿನ ಟಯರಿಗೆ ಕನಿಷ್ಠ 2.15 ಅಂಗುಲ ಬೇಕು, ಎರಡೂವರೆ ಇದ್ದರೆ ಉತ್ತಮ. ಕಿರಿದಾದ ರಿಮ್ಮಿನಲ್ಲಿ ಅಗಲದ ಟಯರನ್ನು ಕೂರಿಸಿದರೆ ಅದರ ಎರಡು ಅಂಚುಗಳೂ ಒಳಕ್ಕೆ ಸೆಳೆಯಲ್ಪಟ್ಟು, ಸೊಂಟಕ್ಕೆ ಹಗ್ಗ ಬಿಗಿದ ಮೂಟೆಯಂತೆ, ಮೇಲ್ಭಾಗ ಉಬ್ಬಿ ನಿಲ್ಲುತ್ತದೆ. ಹಣ ಕೊಟ್ಟು ತಂದ ಅಗಲದ ಒಂದಂಶ ಹೀಗೆ ಕೈತಪ್ಪುತ್ತದೆ. ತಯಾರಕನು ಯೋಚಿಸಿ ಕೊಟ್ಟ ದುಂಡಗಿನ ಆಕಾರವೂ ಕೆಡುತ್ತದೆ. ಕಾರಿನ ಟಯರಿಗೆ ಮಟ್ಟಸವಾದ ಮುಖವಿದ್ದರೆ ಸಾಕು. ಮೋಟಾರ್‌ಸೈಕಲ್ಲು ಬಾಗಿ ತಿರುಗುವ ಪ್ರಾಣಿಯಾದ್ದರಿಂದ ಅದರ ಟಯರಿನ ಬೆನ್ನು ಕಮಾನಿನಂತಿರಬೇಕು, ಆ ಕಮಾನಿನ ಒಂದೊಂದು ಬಿಂದುವಿಗೂ ಒಂದೊಂದು ಸರದಿಯಿದೆ.

ತಿರುವಿನ ವಿಚಾರ ಬಂದಿತು. ಮೊದಲ ಪ್ರಯಾಣದಲ್ಲಿ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ನನಗೆ ನನ್ನದೇ ಗಾಡಿ ಅಪರಿಚಿತವೆನಿಸಿತು. ನೇರ ರಸ್ತೆಯಲ್ಲಿ ಅದು ಮೊದಲಿಗಿಂತ ಗಂಭೀರವಾಗಿ, ಹಳಿ ಹಿಡಿದಂತೆ ಸಾಗಿತ್ತು. ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಮಾತ್ರ ಹ್ಯಾಂಡಲನ್ನು ಒತ್ತಿ ಬಾಗಿಸಬೇಕಾಗುತ್ತಿತ್ತು. ಬಾಗಿದ ಮೇಲೆ ನಡುವೆ ಮುಂದಿನ ಬ್ರೇಕನ್ನು ಮುಟ್ಟಿದೆನೋ, ಗಾಡಿ ಮೈಕೊಡವಿ ನೆಟ್ಟಗೆ ನಿಲ್ಲಲು ಹವಣಿಸುತ್ತಿತ್ತು. ತಿರುವಿನಲ್ಲಿ ನೆಟ್ಟಗಾಗುವುದೆಂದರೆ ರಸ್ತೆಯ ಹೊರ ಅಂಚಿಗೆ ಸಾಗುವುದೆಂದು ಅರ್ಥ. ಆಗುಂಬೆಯಲ್ಲಿ ಹೊರ ಅಂಚಿನಾಚೆ ಏನಿದೆಯೆಂಬುದನ್ನು ಹೋದವರು ಬಲ್ಲರು.

ಕಾರಣಗಳು ಎರಡು. ಆಸ್ಪತ್ರೆಯ ತಳ್ಳುಮಂಚದ ಪುಟ್ಟ ಚಕ್ರಗಳನ್ನು ನೀವು ನೋಡಿರಬಹುದು. ಚಕ್ರವು ತನ್ನನ್ನು ಹಿಡಿದ ಕೀಲಿನ ನೇರಕ್ಕೆ ಕೆಳಗಿರದೆ ತುಸು ಹಿಂದೆ ಉಳಿದು ಹಿಂಬಾಲಿಸುವುದರಿಂದಲೇ ಮಂಚ ತಳ್ಳಿದತ್ತ ನೇರವಾಗಿ ಹೋಗುತ್ತದೆ. ಮೋಟಾರ್‌ಸೈಕಲ್ಲಿನಲ್ಲೂ ಹ್ಯಾಂಡಲ್ ತಿರುಗುವ ಓರೆಯಾದ ಅಕ್ಷವನ್ನು ಗೆರೆಯೆಳೆದು ನೆಲದವರೆಗೆ ಚಾಚಿದರೆ, ಅದು ಟಯರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಈ ಅಂತರಕ್ಕೆ ಟ್ರೇಲ್ ಎಂದು ಹೆಸರು. ಕನ್ನಡದಲ್ಲಿ ಹಿಂಜಾಡು ಎಂದರೆ ಭಾಷಾಪಂಡಿತರು ಮುನಿಯಲಾರರೆಂದು ನಂಬಿದ್ದೇನೆ. ಹಿಂಜಾಡು ಹೆಚ್ಚಿದಷ್ಟೂ ಗಾಡಿ ನೇರ ನಡಿಗೆಯನ್ನು ಪ್ರೀತಿಸುತ್ತದೆ, ತಿರುವಿಗೆ ಮುನಿಸಿಕೊಳ್ಳುತ್ತದೆ. ಅಚ್ಚು 9 ಮಿಲಿಮೀಟರು ಮೇಲೆದ್ದದ್ದರಿಂದಲೇ ಇದು ನಾಲ್ಕೈದು ಮಿಲಿಮೀಟರು ಬೆಳೆಯುತ್ತದೆ. ಗಾಡಿಯ ಮೂತಿ ಎತ್ತಿದಂತಾಗಿ ಅಕ್ಷದ ಓರೆಯೂ ಚೂರು ಹೆಚ್ಚುವುದರಿಂದ ಇನ್ನಷ್ಟು ಕೂಡಿಕೊಳ್ಳುತ್ತದೆ.

ಎರಡನೆಯ ಕಾರಣ ಅಗಲಕ್ಕೇ ಸೇರಿದ್ದು. ಗಾಡಿ ಬಾಗಿದಾಗ ನೆಲ ಮುಟ್ಟುವ ಜಾಗ ಟಯರಿನ ನಟ್ಟನಡುವಿನಿಂದ ತಿರುವಿನ ಒಳಬದಿಗೆ ಸರಿಯುತ್ತದೆ. ಟಯರು ಅಗಲವಾದಷ್ಟೂ ಈ ಸರಿತ ಹೆಚ್ಚು. ಆಗ ಬ್ರೇಕು ಹಾಕಿದರೆ, ಹಿಂದಕ್ಕೆಳೆಯುವ ಬಲ ಹ್ಯಾಂಡಲಿನ ಅಕ್ಷಕ್ಕೆ ನೇರವಾಗಿ ಬೀಳದೆ ಅದರ ಒಂದು ಪಕ್ಕಕ್ಕೆ ಬಿದ್ದು ಚಕ್ರವನ್ನು ಒಳಕ್ಕೆ ತಿರುಚುತ್ತದೆ. ಚಕ್ರ ಒಳಕ್ಕೆ ತಿರುಗಿದೊಡನೆ, ಸೈಕಲ್ ಕಲಿಯುವ ಮಗು ಬೀಳುವ ಕಡೆಗೆ ಹ್ಯಾಂಡಲ್ ತಿರುಗಿಸಿ ಮೇಲೆದ್ದು ಬರುವಂತೆ, ಗಾಡಿ ಮೇಲೇಳುತ್ತದೆ. ಇದೂ ಸಹಿಸಲಾಗದಂಥದ್ದಲ್ಲ. ತಿರುವಿಗೆ ಮುನ್ನವೇ ವೇಗ ಇಳಿಸಿದರಾಯಿತೆಂದು ಸಮಾಧಾನ ಮಾಡಿಕೊಂಡು ಊರಿಗೆ ಮರಳಿದೆ.

ನನ್ನ ಸಮಾಧಾನ ಉಳಿದದ್ದು ಮಳೆಗಾಲದವರೆಗೆ. ಆ ವರ್ಷದ ಆಷಾಢದಲ್ಲಿ ಹೊಸನಗರದಿಂದ ನಗರದ ಕೋಟೆಯನ್ನು ನೋಡಲು ಹೊರಟವರು, ಪರಿಚಿತರ ಮನೆಗೆಂದು ಮುಖ್ಯರಸ್ತೆ ಬಿಟ್ಟು ಒಂದು ಮಣ್ಣಿನ ದಾರಿಗಿಳಿದೆವು. ಮಲೆನಾಡಿನ ಕೆಮ್ಮಣ್ಣು ಮಳೆಯಲ್ಲಿ ನೆಂದು, ಕೊಳೆತ ದರಗೆಲೆಯೂ ಜಂಬಿಟ್ಟಿಗೆಯ ಹರಳೂ ಕೂಡಿ ಕಣಕದಂತಾಗಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದಿನಿಂದ ಉಜ್ಜುವ ಸದ್ದು. ಬ್ರೇಕು ಹಿಡಿದುಕೊಂಡಿರಬೇಕೆಂದು ಭಾವಿಸಿ, ಇಳಿದು ನೋಡುವ ಬದಲು ಇನ್ನಷ್ಟು ವೇಗ ಕೊಟ್ಟೆ. ಇದಕ್ಕಿಂತ ದೊಡ್ಡ ಅವಿವೇಕವನ್ನು ನಾನು ಈಚೆಗೆ ಮಾಡಿದ ನೆನಪಿಲ್ಲ. ಒಂದು ಸಣ್ಣ ಇಳಿಜಾರಿನಲ್ಲಿ ಮುಂಚಕ್ರ ತಿರುಗುವುದನ್ನೇ ನಿಲ್ಲಿಸಿ ನೇಗಿಲಿನಂತೆ ಕೆಸರನ್ನು ಸೀಳುತ್ತ ಜಾರಿತು. ತಿರುಗದ ಮುಂಚಕ್ರಕ್ಕೆ ದಿಕ್ಕಿಲ್ಲ. ಗಾಡಿ ಎಡಕ್ಕೆ ಮಗುಚಿತು. ನನಗೆ ಕೆಸರಷ್ಟೇ ಮೆತ್ತಿತು. ಹೆಂಡತಿಯ ಮೊಣಕಾಲು ಗಾಡಿಯ ಅಡಿಗೆ ಸಿಕ್ಕಿತು. ಮೂಳೆ ಮುರಿಯಲಿಲ್ಲ, ಆದರೆ ಆರು ವಾರ ಅವಳು ಮೆಟ್ಟಿಲು ಹತ್ತಲಿಲ್ಲ.

ಸದ್ದು ಕೇಳಿ ತೋಟದಿಂದ ಬಂದ ಹಿರಿಯರೊಬ್ಬರು ಅವಳನ್ನು ಎಬ್ಬಿಸಿ ಕೂರಿಸಿ, ಒಂದು ಅಡಕೆ ದಬ್ಬೆಯ ಚೂರು ತಂದು ಮಡ್‌ಗಾರ್ಡಿನೊಳಗೆ ತುರುಕಿ ಮಣ್ಣು ಕೆದಕತೊಡಗಿದರು. ಹೆಂಟೆಹೆಂಟೆಯಾಗಿ ಬಿದ್ದಿತು. "ಗಾಡಿ ಚಕ್ರಕ್ಕೆ ಮಣ್ಣು ಉದುರ್ಲಿಕ್ಕೆ ಜಾಗ ಬಿಡ್ತಾರಲ್ಲ ಮಾರಾಯ್ರೆ, ಇದಕ್ಕೆ ಯಾಕೆ ಬಿಡ್ಲಿಲ್ಲ?" ಎಂದು ಕೇಳಿದರು. ಗಾಡಿ ಮಾಡಿದವರು ಬಿಟ್ಟಿದ್ದರು. ಅದನ್ನು ತುಂಬಿಸಿದವನು ನಾನು. ಚಕ್ರದ ನೆತ್ತಿಗೂ ಮಡ್‌ಗಾರ್ಡಿಗೂ ನಡುವೆ ಇದ್ದ ಸಂದಿನಲ್ಲಿ ಎತ್ತರ 9 ಮಿಲಿಮೀಟರನ್ನು ನುಂಗಿತ್ತು, ರಿಮ್ಮಿನ ಇರುಕಿನಿಂದ ಉಬ್ಬಿದ್ದು ಬೇರೆ. ಒಣ ರಸ್ತೆಯಲ್ಲಿ ಉಳಿದ ಸಂದು ಸಾಕಾಗಿತ್ತು. ಅಂಟುಮಣ್ಣಿನಲ್ಲಿ ಅದೇ ಗಾಣವಾಯಿತು.

ಅಂದಮೇಲೆ ಹೊಸ ಕ್ಲಾಸಿಕ್‌ಗೆ ಅದೇ ಟಯರು ಹೇಗೆ ಒಪ್ಪಿತು? ಆಮೇಲೆ ವಿಚಾರಿಸಿದಾಗ ತಿಳಿಯಿತು: 2021ರ ಗಾಡಿ ಹೆಸರಿನಲ್ಲಿ ಹಳೆಯದು, ಅಸ್ಥಿಪಂಜರದಲ್ಲಿ ಹೊಸದು. ಅದರ ಚೌಕಟ್ಟು ಬೇರೆ. ಮುಂದಿನ ಫೋರ್ಕಿನ ಕೊಳವೆಗಳು 35ರ ಬದಲು 41 ಮಿಲಿಮೀಟರು ದಪ್ಪ. ಎರಡು ಚಕ್ರಗಳ ನಡುವಿನ ಅಂತರವೂ 1370ರಿಂದ 1390 ಮಿಲಿಮೀಟರಿಗೆ ಹೋಗಿದೆ. ಅಲ್ಲಿ ಟಯರೊಂದೇ ದಪ್ಪಗಾಗಲಿಲ್ಲ, ಮನೆಮಂದಿಯೆಲ್ಲ ಸೇರಿ ಮಾತಾಡಿಕೊಂಡೇ ದಪ್ಪಗಾದರು. ಇನ್ನೊಂದು ಸ್ವಾರಸ್ಯ: ಅದೇ ಕಾರ್ಖಾನೆ ಕೆಟ್ಟ ದಾರಿಗಳಿಗೆಂದೇ 2016ರಲ್ಲಿ ಹೊರತಂದ ಹಿಮಾಲಯನ್ ಗಾಡಿಯ ಮುಂದಿನ ಟಯರಿನ ಅಗಲ 90 ಮಿಲಿಮೀಟರೇ, ನನ್ನ ಹಳೆಯದರಷ್ಟೇ. ರಿಮ್ಮು ಮಾತ್ರ 21 ಅಂಗುಲದ್ದು. ಎತ್ತರವಾದ, ತೆಳುವಾದ ಚಕ್ರ ಕೆಸರನ್ನು ಸೀಳಿ ಗಟ್ಟಿನೆಲವನ್ನು ಹುಡುಕಿಕೊಳ್ಳುತ್ತದೆ, ಗುಂಡಿಗಳನ್ನೂ ಸಲೀಸಾಗಿ ದಾಟುತ್ತದೆ. ನಮ್ಮ ಎತ್ತಿನ ಗಾಡಿಯ ಚಕ್ರಗಳು ಆಳೆತ್ತರವಾಗಿಯೂ ತೆಳುವಾಗಿಯೂ ಇದ್ದುದಕ್ಕೆ ಬಡಗಿಗಳ ಬಳಿ ಏನು ಕಾರಣವಿತ್ತೆಂದು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಮರಳಿನಲ್ಲಿ ಮಾತ್ರ ಅಗಲದ್ದೇ ಮೇಲು. ನಮ್ಮ ಪ್ರಯಾಣಗಳಲ್ಲಿ ಮರಳು ಸಿಗುವುದು ಕಡಲ ತೀರದಲ್ಲಿ, ಅಲ್ಲಿ ನಾವು ನಡೆಯುತ್ತೇವೆ.

ದೂರ ಪ್ರಯಾಣಕ್ಕೆಂದು ಅಗಲದ ಟಯರನ್ನೇ ಬಯಸುವವರು ಮೊದಲು ರಿಮ್ಮಿನ ಮೇಲೆ ಅಚ್ಚಾಗಿರುವ ಅಗಲವನ್ನು ಓದಿಕೊಳ್ಳಲಿ. ಮಣ್ಣು ಮುಚ್ಚಿದ್ದರೆ ಒರೆಸಿ ಓದಲಿ. ಬಳಿಕ ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಮುಂಚಕ್ರವನ್ನು ನಿಧಾನವಾಗಿ ತಿರುಗಿಸುತ್ತ, ಟಯರಿಗೂ ಮಡ್‌ಗಾರ್ಡಿಗೂ ನಡುವೆ, ಪಕ್ಕದಲ್ಲಿ ಫೋರ್ಕಿನ ಕಾಲುಗಳಿಗೂ ನಡುವೆ, ಎಷ್ಟು ಸಂದಿದೆಯೆಂದು ಬೆರಳಿಟ್ಟು ನೋಡಲಿ. ಮಡ್‌ಗಾರ್ಡಿನ ಒಳಗಡೆ ಬೋಲ್ಟಿನ ತಲೆಗಳಿದ್ದರೆ ಅಳೆಯಬೇಕಾದದ್ದು ಅಲ್ಲಿಂದ. ರಿಮ್ಮನ್ನೇ ಬದಲಿಸುವುದಾದರೆ ಕಡ್ಡಿಗಳನ್ನು ಬಿಚ್ಚಿ ಮತ್ತೆ ಹೆಣೆದು ಸಮಗೊಳಿಸಬೇಕು. ಇದು ಪಳಗಿದ ಕೈಯ ಕೆಲಸ, ಅಂಥ ಕೈಗಳು ಈಗ ಊರಿಗೊಂದು ಸಿಕ್ಕರೆ ಪುಣ್ಯ.

ನಾನು ಮಾಡಿದ್ದು ಅದಕ್ಕಿಂತ ಸುಲಭದ ಕೆಲಸ. ಹೆಂಡತಿ ಕುಂಟುವುದನ್ನು ನಿಲ್ಲಿಸಿದ ವಾರವೇ ಅದೇ ಅಂಗಡಿಗೆ ಹೋಗಿ ಹಳೆಯ ಅಳತೆಯ ಹೊಸ ಟಯರನ್ನು ಹಾಕಿಸಿಕೊಂಡೆ. ಅಂಗಡಿಯ ಹುಡುಗ ನಡೆದುದನ್ನು ಕೇಳಿ ಪೆಚ್ಚಾದ, ಟೇಪು ತಂದು ರಿಮ್ಮನ್ನು ತಾನೇ ಅಳೆದ. ಹೆಚ್ಚೇನೂ ಸವೆದಿರದ ಆ ಅಗಲದ ಟಯರನ್ನು ಅರ್ಧ ಬೆಲೆಗೆ ಹಿಂದಕ್ಕೆ ತೆಗೆದುಕೊಂಡ. ಹದಿನೈದು ದಿನಗಳ ಮೇಲೆ ಅದು ಹೊಸ ಕ್ಲಾಸಿಕ್ ಇದ್ದವರೊಬ್ಬರಿಗೆ ಹೋಯಿತಂತೆ. ಅಲ್ಲಿ ಸರಿಯಾಗಿ ಕುಳಿತಿದೆಯೆಂದು ಫೋನು ಮಾಡಿ ಹೇಳಿದ.