ಚದುರಂಗದಲ್ಲಿ ಕಾಯಿ ಮೊದಲೋ, ರಾಜ ಮೊದಲೋ?



ಚದುರಂಗ ಕಲಿಯುವವರಿಗೆ ಮೊದಲು ರುಚಿ ಹತ್ತುವುದು ಕಾಯಿ ಹೊಡೆಯುವುದರಲ್ಲಿ. ಹೊಡೆದ ಕಾಯಿಗಳನ್ನು ಪಕ್ಕದಲ್ಲಿ ಜೋಡಿಸಿ ಎಣಿಸುತ್ತ ಕುಳಿತವರು ಥಟ್ಟನೆ ಸೋತು ಬೆರಗಾಗುವುದುಂಟು. ಈ ಆಟದಲ್ಲಿ ಗೆಲುವು ತೀರ್ಮಾನವಾಗುವುದು ಕಾಯಿಗಳ ಲೆಕ್ಕದಿಂದಲ್ಲ, ರಾಜನ ಅಳಿವು ಉಳಿವಿನಿಂದ. ಹಾಗಾದರೆ ಕಾಯಿಗಳಿಗೆ ಬೆಲೆಯಿಲ್ಲವೇ? ಇದೆ. ಕಾಲಾಳಿಗೆ 1, ಕುದುರೆಗೂ ಒಂಟೆಗೂ 3, ಆನೆಗೆ 5, ಮಂತ್ರಿಗೆ 9 ಅಂಕಗಳೆಂದು ಆಟಗಾರರು ಲೆಕ್ಕ ಹಾಕುತ್ತಾರೆ. ಈ ಲೆಕ್ಕವನ್ನೂ ರಾಜನ ಭದ್ರತೆಯನ್ನೂ ಒಟ್ಟಿಗೆ ತೂಗುವುದೇ ಆರಂಭದ ಆಟದ ಮುಖ್ಯ ಪಾಠ.

ಆಟ ಆರಂಭವಾದಾಗ ರಾಜನಿರುವುದು ನಡುಸಾಲಿನಲ್ಲಿ. ನಡುವಿನ ಕಾಲಾಳುಗಳು ಬಿದ್ದುಹೋದರೆ ಆ ಸಾಲು ತೆರೆದು ಎದುರಾಳಿಯ ಆನೆಗೂ ಮಂತ್ರಿಗೂ ಹೆದ್ದಾರಿಯಾಗುತ್ತದೆ. ಆದುದರಿಂದಲೇ ರಾಜನನ್ನು ಬೇಗ ಮೂಲೆಯ ಕಡೆಗೆ ಸರಿಸುವ ಕ್ಯಾಸಲಿಂಗ್ ನಡೆ ಇರುವುದು. ನಮ್ಮ ಹಿರಿಯರ ನಾಟಿ ಪದ್ಧತಿಯಲ್ಲಿ ಈ ನಡೆ ಇರಲಿಲ್ಲ. ಅದಕ್ಕೆ ಬದಲಾಗಿ, ಚೆಕ್ ಬೀಳುವುದಕ್ಕೆ ಮುಂಚೆ ರಾಜನು ಒಮ್ಮೆ ಮಾತ್ರ ಕುದುರೆಯಂತೆ ನೆಗೆಯಬಹುದೆಂಬ ನಿಯಮ ಅನೇಕ ಕಡೆ ಇತ್ತು. ಎರಡರ ಉದ್ದೇಶವೂ ಒಂದೇ.

ಇದಕ್ಕೆ ಪ್ರಸಿದ್ಧವಾದ ಒಂದು ಉದಾಹರಣೆಯನ್ನು ನೋಡೋಣ. 1858ರಲ್ಲಿ ಪ್ಯಾರಿಸ್ಸಿನ ಒಪೆರಾ ನಾಟಕಮಂದಿರದಲ್ಲಿ, ಅಮೆರಿಕದ 21 ವರ್ಷದ ತರುಣ ಪಾಲ್ ಮಾರ್ಫಿ ಬಿಳಿಯ ಕಾಯಿಗಳಿಂದ ಆಡಿದನು. ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸೂವಾರ್ ಎಂಬ ಇಬ್ಬರು ಶ್ರೀಮಂತರು ಜೊತೆಗೂಡಿ ಅವನಿಗೆ ಎದುರಾಗಿದ್ದರು. 8ನೆಯ ನಡೆಯಲ್ಲಿ ಮಾರ್ಫಿಗೆ ಬಿ7 ಮನೆಯ ಕಾಲಾಳು ಮಂತ್ರಿಗೆ ಪುಕ್ಕಟೆಯಾಗಿ ಸಿಗುತ್ತಿತ್ತು. ಆದರೆ ಹೊಡೆದಿದ್ದರೆ ಕಪ್ಪಿನವರು ಮಂತ್ರಿಗೆ ಮಂತ್ರಿ ಬದಲಾಯಿಸಿ ಬಿಕ್ಕಟ್ಟಿನಿಂದ ಪಾರಾಗಬಹುದಿತ್ತು. ಮಾರ್ಫಿ ಆ ಕಾಲಾಳನ್ನು ಬಿಟ್ಟು ಕುದುರೆಯನ್ನು ಹೊರಗೆ ತಂದನು. ಕಪ್ಪಿನವರು ಅವನ ಒಂಟೆಯನ್ನು ಓಡಿಸಲು ಕಾಲಾಳನ್ನು ನೂಕಿದಾಗ, ಎರಡು ಕಾಲಾಳುಗಳಿಗಾಗಿ ಕುದುರೆಯನ್ನೇ ಬಿಟ್ಟುಕೊಟ್ಟನು. 12ನೆಯ ನಡೆಯಲ್ಲಿ ಕ್ಯಾಸಲಿಂಗ್ ಮಾಡಿದನು. ಒಂದೇ ನಡೆಯಲ್ಲಿ ತನ್ನ ರಾಜನೂ ಭದ್ರನಾದನು, ಆನೆಯೂ ತೆರೆದ ಸಾಲಿಗೆ ಬಂತು. ಅತ್ತ ಕಪ್ಪು ರಾಜನು ಹುಟ್ಟಿದ ಮನೆಯಲ್ಲೇ ನಿಂತಿದ್ದನು. ಅವನ ಪಕ್ಕದ ಒಂಟೆಯಾಗಲಿ, ಮೂಲೆಯ ಆನೆಯಾಗಲಿ ಕೊನೆಯವರೆಗೂ ಕದಲಲಿಲ್ಲ.

16ನೆಯ ನಡೆಯಲ್ಲಿ ಮಾರ್ಫಿ ಮಂತ್ರಿಯನ್ನೂ ಒಪ್ಪಿಸಿ, 17ನೆಯದರಲ್ಲಿ ಆನೆಯಿಂದ ಮೇಟ್ ಮಾಡಿದನು. ಆಗ ರಾಜನಲ್ಲದೆ ಅವನಿಗೆ ಉಳಿದದ್ದು ಒಂದು ಆನೆ, ಒಂದು ಒಂಟೆ, 7 ಕಾಲಾಳು. ಒಟ್ಟು 15 ಅಂಕ. ಎದುರಾಳಿಗಳ ಬಳಿ ಮಂತ್ರಿ, ಆನೆ, ಒಂಟೆ, ಕುದುರೆ, 5 ಕಾಲಾಳು. ಒಟ್ಟು 25 ಅಂಕ. ಹತ್ತು ಅಂಕ ಹೆಚ್ಚಿದ್ದವರೇ ಸೋತರು!

ಹಾಗೆಂದು ಕಂಡ ಕಂಡ ಕಾಯಿಯನ್ನು ಬಲಿ ಕೊಡುವುದೂ ಜಾಣತನವಲ್ಲ. ಎದುರಾಳಿ ಒಂದು ಕಾಲಾಳನ್ನು ಒಡ್ಡಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿರಿ:

1. ಅದನ್ನು ಹೊಡೆದು ನನ್ನ ಕಾಯಿ ಹಿಂದಿರುಗಲು ಎಷ್ಟು ನಡೆ ಬೇಕು?
2. ನನ್ನ ರಾಜನ ಮುಂದಿನ ಸಾಲು ತೆರೆದಿದೆಯೇ, ಮುಚ್ಚಿದೆಯೇ?
3. ರಾಜನ ಮೇಲೆ ಬೀಳಬಲ್ಲ ಕಾಯಿಗಳೆಷ್ಟು, ಕಾಯುವ ಕಾಯಿಗಳೆಷ್ಟು?

ಸಾಲು ಮುಚ್ಚಿದ್ದು, ಕಾಯುವವರು ಸಾಕಷ್ಟಿದ್ದರೆ ಧೈರ್ಯವಾಗಿ ಹೊಡೆಯಿರಿ. ಹೊಡೆದ ಮೇಲೆ ಇಕ್ಕಟ್ಟು ಬಂದರೆ, ಗಳಿಸಿದ್ದನ್ನು ಹಿಂದಕ್ಕೆ ಕೊಟ್ಟು ರಾಜನನ್ನು ಉಳಿಸಿಕೊಳ್ಳಿರಿ. 1886ರಲ್ಲಿ ವಿಶ್ವ ಚಾಂಪಿಯನ್ ಆದ ಸ್ಟೈನಿಟ್ಸ್ ಇಂಥ ರಕ್ಷಣೆಯ ಆಟಕ್ಕೆ ಹೆಸರಾದವರು.

ನುರಿತವರಿಗೂ ಈ ತೂಕ ಸುಲಭವಲ್ಲ. 1972ರ ವಿಶ್ವ ಚಾಂಪಿಯನ್ ಪಂದ್ಯದಲ್ಲಿ ಬಾಬಿ ಫಿಷರ್ ‘ವಿಷದ ಕಾಲಾಳು’ ಎಂದೇ ಹೆಸರಾದ ಬಿ2 ಕಾಲಾಳನ್ನು ಎರಡು ಆಟಗಳಲ್ಲಿ ಮಂತ್ರಿಯಿಂದ ಹೊಡೆದರು. 7ನೆಯ ಆಟ ಸಮವಾಯಿತು. 11ನೆಯದರಲ್ಲಿ ಆ ಮಂತ್ರಿಯೇ ಸಿಕ್ಕಿಬಿದ್ದು ಸ್ಪಾಸ್ಕಿ ಗೆದ್ದರು. ಅತಿ ಆಸೆ ಗತಿ ಕೇಡು ಎಂಬ ಗಾದೆ ಸುಳ್ಳಲ್ಲ. ಆದರೆ ಯಾವುದು ಅತಿ ಎಂಬುದನ್ನು ಪ್ರತಿ ಆಟದಲ್ಲೂ ಹೊಸದಾಗಿ ಯೋಚಿಸಬೇಕು.

ಪೋಷಕರಲ್ಲಿ ಒಂದು ವಿನಂತಿ. ಮಕ್ಕಳು ಆಡಿ ಬಂದಾಗ “ಎಷ್ಟು ಕಾಯಿ ಹೊಡೆದೆ?” ಎಂದು ಕೇಳುವ ಬದಲು, “ಎಷ್ಟನೆಯ ನಡೆಯಲ್ಲಿ ಕ್ಯಾಸಲಿಂಗ್ ಮಾಡಿದೆ?” ಎಂದು ಕೇಳಿ ನೋಡಿರಿ.