ಸ್ಕೂಪಿಗೆ 100 ರೂಪಾಯಿ, ನಾಲ್ಕು ಮೊಟ್ಟೆಗೆ 28

ಯಲಹಂಕ ನ್ಯೂಟೌನ್ ಸುತ್ತಲಿನ ಪಿ.ಜಿ.ಗಳಲ್ಲಿ ಕಾಲೇಜು ತಂಡಕ್ಕೆ ಆಡುವ ಹುಡುಗರ ಕೋಣೆಗಳನ್ನು ಗುರುತಿಸುವುದು ಸುಲಭ. ಬಾಗಿಲ ಬಳಿ ಕೆಮ್ಮಣ್ಣು ಮೆತ್ತಿದ ಶೂ, ಕಿಟಕಿಯ ಕಟ್ಟೆಯ ಮೇಲೆ ಕೊಡದಷ್ಟು ದಪ್ಪದ ಕರಿ ಡಬ್ಬಿ. ಡಬ್ಬಿಯ ಮುಂದುಗಡೆ ಹುರಿಗಟ್ಟಿದ ತೋಳಿನ ಚಿತ್ರವಿದ್ದರೆ, ಲೆಕ್ಕವೆಲ್ಲ ಹಿಂದುಗಡೆಯ ಸಣ್ಣಕ್ಷರದಲ್ಲಿದೆ: ಒಂದು ಸ್ಕೂಪ್ 33 ಗ್ರಾಂ, ಅದರಲ್ಲಿ ಪ್ರೋಟೀನ್ 24 ಗ್ರಾಂ, ಡಬ್ಬಿಯಲ್ಲಿ 30 ಸ್ಕೂಪ್. ಒಂದು ಕೆ.ಜಿ. ವೇ ಪ್ರೋಟೀನಿಗೆ 3,000 ರೂಪಾಯಿ ಎಂದು ಹಿಡಿದರೆ ಸ್ಕೂಪಿಗೆ 100 ರೂಪಾಯಿ. ದಿನಕ್ಕೆ ಎರಡು ಸ್ಕೂಪ್ ಕುಡಿದರೆ ತಿಂಗಳಿಗೆ 6,000.

ಈ ಹಣಕ್ಕೆ ಸಿಗುವುದೇನು? ಮೊದಲು ಮೈಗೆ ಬೇಕಾದದ್ದೆಷ್ಟು ಎಂದು ನೋಡೋಣ.

ಬೇಕಾದದ್ದು ಎಷ್ಟು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ವಯಸ್ಕರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. 65 ಕೆ.ಜಿ. ತೂಗುವ ಹುಡುಗನಿಗೆ ಅದು 54 ಗ್ರಾಂ. ಭಾರ ಎತ್ತುವ, ಓಡುವ ಕ್ರೀಡಾಪಟುವಿಗೆ ಇನ್ನಷ್ಟು ಬೇಕು, ನಿಜ. ಆದರೆ ಅದಕ್ಕೂ ಮಿತಿ ಇದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ, ಕೆ.ಜಿ.ಗೆ 1.6 ಗ್ರಾಂ ದಾಟಿದ ಮೇಲೆ ಎಷ್ಟು ತಿಂದರೂ ಸ್ನಾಯುವಿಗೆ ಹೆಚ್ಚಿನ ಲಾಭವಿಲ್ಲ. ಪ್ರೋಟೀನ್ ಪುಡಿಯಿಂದ ದೂರವಿರಿ ಎಂದೂ ಅದೇ ಮಾರ್ಗಸೂಚಿ ಹೇಳಿದೆ. 65 ಕೆ.ಜಿ.ಗೆ 1.6ರಂತೆ ಗುಣಿಸಿದರೆ 104 ಗ್ರಾಂ. ಹುಡುಗನ ಗರಿಷ್ಠ ಗುರಿ ಇಷ್ಟೇ.

ಇದನ್ನು ತಟ್ಟೆಗೆ ಇಳಿಸೋಣ. ಎರಡು ಮುದ್ದೆಗೆ 150 ಗ್ರಾಂ ರಾಗಿಹಿಟ್ಟು: 11 ಗ್ರಾಂ ಪ್ರೋಟೀನ್. 200 ಗ್ರಾಂ ಅಕ್ಕಿಯ ಅನ್ನ: 15. ಸಾರು, ಹುಳಿ, ಉಸ್ಲಿ ಸೇರಿ 100 ಗ್ರಾಂ ಕಾಳು-ಬೇಳೆ: 22. ಹಾಲು-ಮೊಸರು ಅರ್ಧ ಲೀಟರ್: 15. ನಾಲ್ಕು ಮೊಟ್ಟೆ: 24. ಒಂದು ಹಿಡಿ, ಅಂದರೆ 50 ಗ್ರಾಂ ಕಡಲೆಬೀಜ: 12. ಒಟ್ಟು 99. ಬೆಳಗಿನ ಇಡ್ಲಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

24 ಗ್ರಾಂ ಪ್ರೋಟೀನಿಗೆ ಯಾವುದರಲ್ಲಿ ಎಷ್ಟು ಖರ್ಚು

ಲೆಕ್ಕಕ್ಕೆ ಹಿಡಿದ ದರ: ಮೊಟ್ಟೆ ಒಂದಕ್ಕೆ 7 ರೂಪಾಯಿ, ನಂದಿನಿ ನೀಲಿ ಪ್ಯಾಕೆಟ್ ಲೀಟರಿಗೆ 46, ಹುರುಳಿಕಾಳು ಕೆ.ಜಿ.ಗೆ 100, ಕಡಲೆಬೀಜ ಮತ್ತು ಸೋಯಾ ಚಂಕ್ಸ್ 150.

- ಸೋಯಾ ಚಂಕ್ಸ್, 46 ಗ್ರಾಂ: 7 ರೂಪಾಯಿ
- ಹುರುಳಿಕಾಳು, 109 ಗ್ರಾಂ: 11 ರೂಪಾಯಿ
- ಕಡಲೆಬೀಜ, 96 ಗ್ರಾಂ: 14 ರೂಪಾಯಿ
- ಮೊಟ್ಟೆ, 4: 28 ರೂಪಾಯಿ
- ಹಾಲು, 800 ಮಿ.ಲೀ.: 37 ರೂಪಾಯಿ
- ವೇ ಪುಡಿ, ಒಂದು ಸ್ಕೂಪ್: 100 ರೂಪಾಯಿ

ಕಾಳಿನ ಪ್ರೋಟೀನ್ ಮೊಟ್ಟೆಯದರಷ್ಟು ಪೂರ್ತಿಯಾಗಿ ಮೈಗೆ ಹತ್ತುವುದಿಲ್ಲ. ಮುದ್ದೆಯ ಜೊತೆ ಕಾಳುಸಾರು ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇದು ಬೆಂಗಳೂರಿನ ಉತ್ತರ ಭಾಗಕ್ಕೆ ಹೊಸ ಪಾಠವೂ ಅಲ್ಲ. ಹೆಬ್ಬಾಳದ ಹೆಸರು ಹೊತ್ತ ಕಾಳೇ ಇದೆ: ಕೃಷಿ ವಿಶ್ವವಿದ್ಯಾಲಯ ಕೊಟ್ಟ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4. ಸೊಗಡಿನ ಚಳಿಗಾಲಕ್ಕೆ ಕಾಯದೆ ವರ್ಷವಿಡೀ ಬೆಳೆಯಬಹುದಾದ ತಳಿಗಳಿವು. ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಬೇಲಿಯಾಚೆ ಬೆಳೆಯುವ ಈ ಕಾಳು ಬೇಲಿಯ ಈಚೆಗಿನ ಪಿ.ಜಿ. ಅಡುಗೆಯಲ್ಲಿ ಅಪರೂಪ. ಅಲ್ಲಿನ ತಿಳಿಸಾರಿನಲ್ಲಿ ಬೇಳೆಯನ್ನು ಹುಡುಕಬೇಕು. ಡಬ್ಬಿ ಕೋಣೆಯೊಳಗೆ ಬರುವುದು ಬಹುಮಟ್ಟಿಗೆ ಆ ಸಾರಿನಿಂದಾಗಿಯೇ.

ಡಬ್ಬಿಯಲ್ಲಿ ಇರುವುದು ಎಷ್ಟು

ಕೊಟ್ಟ 100 ರೂಪಾಯಿಗೆ 24 ಗ್ರಾಂ ಸಿಕ್ಕೇ ಸಿಗುತ್ತದೆ ಎಂಬ ಭರವಸೆಯೂ ಇಲ್ಲ. ಭಾರತದಲ್ಲಿ ಮಾರುವ 36 ಪ್ರೋಟೀನ್ ಉತ್ಪನ್ನಗಳನ್ನು ಕೇರಳದ ವೈದ್ಯರೊಬ್ಬರ ತಂಡ ಪರೀಕ್ಷೆಗೆ ಹಾಕಿ 2024ರಲ್ಲಿ ಫಲಿತಾಂಶ ಪ್ರಕಟಿಸಿತು. 25ರಲ್ಲಿ, ಅಂದರೆ ನೂರಕ್ಕೆ ಸುಮಾರು 70ರಲ್ಲಿ, ಪ್ರೋಟೀನಿನ ಪ್ರಮಾಣ ಲೇಬಲ್ಲಿಗೆ ಹೊಂದಲಿಲ್ಲ. ಕೆಲವದರಲ್ಲಿ ಹೇಳಿದ್ದರ ಅರ್ಧವಷ್ಟೇ ಇತ್ತು. ನೂರಕ್ಕೆ 14ರಲ್ಲಿ ಬೂಷ್ಟಿನಿಂದ ಬರುವ ಅಫ್ಲಟಾಕ್ಸಿನ್ ವಿಷ, ನೂರಕ್ಕೆ 8ರಲ್ಲಿ ಕೀಟನಾಶಕದ ಉಳಿಕೆ ಸಿಕ್ಕಿತು. ಅರ್ಧದಷ್ಟೇ ಇರುವ ಡಬ್ಬಿ ಕೈಗೆ ಬಂದರೆ ನಮ್ಮ ಪಟ್ಟಿಯ ಕೊನೆಯ ಸಾಲು 200 ರೂಪಾಯಿ ಆಗುತ್ತದೆ.

ಮೋಸದ ದಾರಿಯೂ ಸರಳ. ಪ್ರಯೋಗಾಲಯ ಸಾಮಾನ್ಯವಾಗಿ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತದೆ. ಗ್ಲೈಸಿನ್, ಟಾರಿನ್‌ನಂಥ ಅಗ್ಗದ ಅಮೈನೋ ಆಮ್ಲ ಬೆರೆಸಿದರೆ ಸಾರಜನಕ ಏರುತ್ತದೆ, ಕಾಗದದ ಮೇಲೆ ಪ್ರೋಟೀನೂ ಏರುತ್ತದೆ, ಸ್ನಾಯು ಮಾತ್ರ ಇದ್ದಲ್ಲೇ ಇರುತ್ತದೆ.

ಹಾಗಂತ ಎಲ್ಲ ಡಬ್ಬಿಯೂ ವಿಷವಲ್ಲ. ಆರೋಗ್ಯವಂತರಿಗೆ ಸ್ನಾಯುಬಲಕ್ಕೆಂದು ತೆಗೆದುಕೊಳ್ಳುವ ಕ್ರಿಯಾಟಿನ್ ದಿನಕ್ಕೆ 3ರಿಂದ 5 ಗ್ರಾಂ ಆದರೆ ಹಾನಿಯಿಲ್ಲದ್ದು ಎಂಬುದು ಹಲವು ವರ್ಷಗಳ ಅಧ್ಯಯನಗಳಿಂದ ತಿಳಿದಿರುವ ಮಾತು. ನಿಜವಾಗಿ ಹೆದರಬೇಕಾದ್ದು ವ್ಯಾಯಾಮಕ್ಕೆ ಮುಂಚೆ ಕುಡಿಯುವ ಪ್ರೀ-ವರ್ಕೌಟ್ ಪುಡಿಗೆ. ಅದರ ಒಂದು ಸ್ಕೂಪಿನಲ್ಲಿ 200ರಿಂದ 300 ಮಿಲಿಗ್ರಾಂ ಕೆಫೀನ್ ಇರುವುದು ಸಾಮಾನ್ಯ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದ ಮಿತಿ ಒಂದು ಸಲಕ್ಕೆ 200, ದಿನಕ್ಕೆ 400. ನಮ್ಮಲ್ಲಿ ಎನರ್ಜಿ ಡ್ರಿಂಕಿಗೆ ಲೀಟರಿಗೆ 300 ಮಿಲಿಗ್ರಾಂ ಮಿತಿ, ಅಂದರೆ 250 ಮಿ.ಲೀ. ಕ್ಯಾನಿನಲ್ಲಿ ಹೆಚ್ಚೆಂದರೆ 75. ಟ್ರಯಲ್ಸ್ ದಿನ ಎರಡು ಸ್ಕೂಪ್ ಪುಡಿ, ಮೇಲೊಂದು ಕ್ಯಾನ್ ಕುಡಿದವನ ಮೈಗೆ 675 ಮಿಲಿಗ್ರಾಂವರೆಗೆ ಸೇರುತ್ತದೆ. ಎದೆ ಡವಡವ ಹೊಡೆದುಕೊಳ್ಳುವುದನ್ನು ಆತ ‘ಪಂಪ್ ಸಿಗ್ತಿದೆ’ ಎಂದುಕೊಳ್ಳುತ್ತಾನೆ.

ಇದರ ಮುಂದಿನ ಮೆಟ್ಟಿಲು ಸೂಜಿ. ಶಸ್ತ್ರಚಿಕಿತ್ಸೆಯ ವೇಳೆ ಕುಸಿದ ರಕ್ತದೊತ್ತಡ ಏರಿಸಲು ಕೊಡುವ ಮೆಫೆಂಟರ್ಮಿನ್ ಇಂಜೆಕ್ಷನ್ ದೇಶದ ಜಿಮ್‌ಗಳಲ್ಲಿ ಹುಮ್ಮಸ್ಸಿಗೆಂದು ಬಳಕೆಯಾಗುತ್ತಿರುವುದನ್ನು ವೈದ್ಯರು ದಾಖಲಿಸಿದ್ದಾರೆ.

100 ಬಸ್ಕಿ, 13 ಹಾಸಿಗೆ

ಪುಡಿಯ ಹಂಗೇ ಇಲ್ಲದೆ ವ್ಯಾಯಾಮವೊಂದೇ ಆಸ್ಪತ್ರೆಗೆ ಕಳಿಸಬಲ್ಲದು. 2011ರ ಜನವರಿಯಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಫುಟ್ಬಾಲ್ ತಂಡ ಸುಮಾರು ಮೂರು ವಾರದ ಬಿಡುವಿನಿಂದ ಮರಳಿತ್ತು. ತಮ್ಮ ಗರಿಷ್ಠ ಸಾಮರ್ಥ್ಯದ ಅರ್ಧದಷ್ಟು ಭಾರ ಹೆಗಲಿಗಿಟ್ಟು 100 ಬಸ್ಕಿ ಹೊಡೆಯಿರಿ ಎಂಬ ಆಜ್ಞೆ ಬಂತು. ಕೆಲವೇ ದಿನಗಳಲ್ಲಿ 13 ಆಟಗಾರರು ಆಸ್ಪತ್ರೆ ಸೇರಿದರು. ಆಮೇಲಿನ ತನಿಖೆಯಲ್ಲಿ ಮದ್ದು, ಪುಡಿ ಯಾವುದರ ತಪ್ಪೂ ಕಾಣಲಿಲ್ಲ. ತಪ್ಪು ಎಣಿಕೆಯದ್ದಾಗಿತ್ತು.

140 ಕೆ.ಜಿ. ಎತ್ತಬಲ್ಲವನಿಗೆ ಅರ್ಧ ಭಾರವೆಂದರೆ 70 ಕೆ.ಜಿ. ಅದನ್ನು 100 ಸಲ ಎತ್ತಿಳಿಸಿದರೆ ಒಂದೇ ಹೊತ್ತಿನಲ್ಲಿ 7 ಟನ್. ಎಂಟೆಂಟರ ಐದು ಸುತ್ತು, ಅಂದರೆ 40 ಬಸ್ಕಿಯ ಮಾಮೂಲಿ ದಿನದಲ್ಲಿ 2.8 ಟನ್. ಬಿಡುವಿನಲ್ಲಿ ಸಡಿಲಗೊಂಡ ತೊಡೆಯ ಮೇಲೆ ಮಾಮೂಲಿಯ ಎರಡೂವರೆ ಪಟ್ಟು ಬಿದ್ದಾಗ ಸ್ನಾಯುವಿನ ಎಳೆಗಳು ಒಡೆದು ಒಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೋರುತ್ತದೆ. ಅದನ್ನು ಸೋಸಲು ಹೋಗಿ ಮೂತ್ರಪಿಂಡ ಕಟ್ಟಿಕೊಳ್ಳುತ್ತದೆ. ವೈದ್ಯರ ಬಾಯಲ್ಲಿ ಇದು ರ್‍ಯಾಬ್ಡೊಮಯೊಲೈಸಿಸ್.

ಇದರ ಗುರುತು ಕಾಫಿ ಕುಡಿಯುವ ಊರಿಗೆ ಬೇಗ ಅರ್ಥವಾಗುತ್ತದೆ: ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ತೊಡೆ ಊದಿ, ಮೆಟ್ಟಿಲು ಇಳಿಯಲಾಗದಷ್ಟು ನೋಯುತ್ತದೆ. ರಕ್ತದಲ್ಲಿ ಸಿಪಿಕೆ ಎಂಬ ಕಿಣ್ವ ಮಾಮೂಲಿಗೆ ಸುಮಾರು 200ರೊಳಗೆ ಇರುತ್ತದೆ. 1,000 ದಾಟಿದರೆ ಅನುಮಾನ, ಹಲವು ಸಾವಿರ ದಾಟಿದರೆ ಹಾಸಿಗೆ, ಡ್ರಿಪ್. ಸಿಪಿಕೆ ಗರಿಷ್ಠಕ್ಕೆ ಏರುವುದು ಒಂದರಿಂದ ಮೂರು ದಿನದೊಳಗೆ. ಆದ್ದರಿಂದ ‘ನಿನ್ನೆ ಚೆನ್ನಾಗೇ ಇದ್ದೆ’ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು.

ಒಂದು ಮಾದರಿ, ಎರಡು ವರ್ಷ

ಆರೋಗ್ಯ ಕೆಡದಿದ್ದರೂ ಆಟ ಕೈತಪ್ಪಬಹುದು. ಕುಂದಾಪುರ ತಾಲ್ಲೂಕಿನ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀ. ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದವರು. ಮರುವರ್ಷ ಅವರೂ ಸೇರಿ ಆರು ಓಟಗಾರ್ತಿಯರ ಮಾದರಿಯಲ್ಲಿ ನಿಷೇಧಿತ ಸ್ಟೆರಾಯ್ಡ್ ಸಿಕ್ಕಿತು. ತರಬೇತುದಾರರು ಚೀನಾದಿಂದ ತಂದುಕೊಟ್ಟ ಜಿನ್‌ಸೆಂಗ್ ಇದಕ್ಕೆ ಮೂಲ ಎಂದು ಓಟಗಾರ್ತಿಯರು ವಾದಿಸಿದರು. ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾ ಒಂದು ವರ್ಷದ ನಿಷೇಧ ಹೇರಿತು. 2012ರ ಜುಲೈನಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ತಪ್ಪಿತು. ಮೈಯೊಳಗೆ ಸಿಕ್ಕಿದ್ದಕ್ಕೆ ಆಟಗಾರರೇ ಹೊಣೆ, ಕೊಟ್ಟವರು ಯಾರು ಎಂಬುದು ಆಮೇಲಿನ ಮಾತು.

ಎಲ್ಲ ಕ್ರೀಡೆ ಸೇರಿದ ಲೆಕ್ಕದಲ್ಲಿ ಭಾರತದ ಅಂಕಿ ಸಮಾಧಾನ ತರುವಂತಿಲ್ಲ. 2023ರಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ವಸ್ತು ಸಿಕ್ಕಿತು, ನೂರಕ್ಕೆ 3.8. 2024ರಲ್ಲಿ 7,113ರಲ್ಲಿ 260, ನೂರಕ್ಕೆ 3.7. ಸುಮಾರು ಐದು ಪಟ್ಟು ಮಾದರಿ ತೆಗೆದ ಚೀನಾದ ಪ್ರಮಾಣ 2023ರಲ್ಲಿ ನೂರಕ್ಕೆ 0.2 ಮಾತ್ರ.

20, 28, 32, 36

ಎಲ್ಲ ಅಂಕಿಗಳ ಹಿಂದೆ ಇರುವುದು ಒಂದೇ ಸಂಗತಿ, ಅವಸರ. ಸೆಮಿಸ್ಟರ್ ಪರೀಕ್ಷೆ ಮುಗಿಯುತ್ತದೆ, ಅಂತರ ಕಾಲೇಜು ಆಯ್ಕೆಗೆ ಹತ್ತು ದಿನ ಉಳಿದಿರುತ್ತದೆ. ಓದುತ್ತಾ ಕೂತ ತಿಂಗಳ ಬಾಕಿಯನ್ನು ಆ ಹತ್ತು ದಿನದಲ್ಲಿ ತೀರಿಸಬೇಕು. ಪುಡಿ ಮಾರುವವನೂ 100 ಬಸ್ಕಿ ಹೊಡೆಸುವವನೂ ಮಾರುತ್ತಿರುವ ಸರಕು ಒಂದೇ: ಇಲ್ಲದ ಸಮಯ.

ಹಳೆಯ ಗರಡಿಮನೆಯ ಉಸ್ತಾದರು ಹೊಸ ಹುಡುಗನ ಬಸ್ಕಿಯನ್ನು ದಿನಕ್ಕಿಷ್ಟಿಷ್ಟೇ ಏರಿಸುತ್ತಿದ್ದರು. ಅಮೆರಿಕದ ತರಬೇತುದಾರರ ಎರಡು ಸಂಘಟನೆಗಳು 2019ರಲ್ಲಿ ಅದನ್ನೇ ಅಂಕಿಯಲ್ಲಿ ಬರೆದಿಟ್ಟವು. ತಂಡಕ್ಕೆ ಹೊಸದಾಗಿ ಬಂದವನಿಗೆ ಮೊದಲ ವಾರ ಮಾಮೂಲಿಯಲ್ಲಿ ನೂರಕ್ಕೆ 50 ಕಡಿತ, ಎರಡನೇ ವಾರ 30, ಮೂರನೇ ವಾರ 20, ನಾಲ್ಕನೇ ವಾರ 10. ಬಿಡುವಿನಿಂದ ಮರಳಿದ ಹಳಬನಿಗೂ ಮೊದಲ ಎರಡು ವಾರ 50, 30ರ ಕಡಿತ ತಪ್ಪಿದ್ದಲ್ಲ. 40 ಬಸ್ಕಿ ಮಾಮೂಲಿಯಾದರೆ ಹೊಸಬನ ಲೆಕ್ಕ ಹೀಗೆ: 20, 28, 32, 36. ನಲವತ್ತು ಐದನೇ ವಾರಕ್ಕೆ.

ಟ್ರಯಲ್ಸ್‌ನ ತಾರೀಕನ್ನು ಐದು ವಾರ ಮೊದಲೇ ನೋಟಿಸ್ ಬೋರ್ಡಿಗೆ ಹಚ್ಚಲು ಕಾಲೇಜಿಗೆ ತಗಲುವ ಖರ್ಚು ಒಂದು ಹಾಳೆ, ನಾಲ್ಕು ಪಿನ್ನು.