ಓದಿದ ಪುಸ್ತಕಕ್ಕೆ ಜಾಮೀನು ನಿಲ್ಲುವ ಮುನ್ನ

ಹೊಸ ಗಿರಾಕಿಗೆ ಉದ್ದರಿಯ ಮೇಲೆ ಸರಕು ಕೊಡುವ ಮೊದಲು ಪೇಟೆಯಲ್ಲಿ ನಾಲ್ಕು ಜನರನ್ನು ವಿಚಾರಿಸದ ವರ್ತಕನಿಲ್ಲ. ‘ಆತ ಒಳ್ಳೆಯವನು’ ಎಂಬಷ್ಟೇ ಉತ್ತರದಿಂದ ಅವನಿಗೆ ಸಮಾಧಾನವಾಗದು. ಎಷ್ಟು ಮೊತ್ತದವರೆಗೆ ನಂಬಬಹುದು, ಹಣ ಎಷ್ಟು ದಿನಕ್ಕೆ ಕೈಸೇರುತ್ತದೆ, ಹಿಂದೆ ಎಲ್ಲಿಯಾದರೂ ಮಾತು ತಪ್ಪಿದ್ದುಂಟೆ ಎಂಬುದು ತಿಳಿದ ನಂತರವೇ ಸರಕು ಗೋದಾಮಿನಿಂದ ಹೊರಬೀಳುತ್ತದೆ. ಆದರೆ ಅದೇ ವರ್ತಕ ತಾನು ಇತ್ತೀಚೆಗೆ ಓದಿದ ಪುಸ್ತಕವೊಂದನ್ನು ಸ್ನೇಹಿತನಿಗೆ ಸೂಚಿಸುವಾಗ ‘ಬಹಳ ಚೆನ್ನಾಗಿದೆ, ತಪ್ಪದೆ ಓದಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾನೆ. ಪುಸ್ತಕದ ಬೆಲೆ ಕೆಲವು ನೂರು ರೂಪಾಯಿ ಇರಬಹುದು. ಅದನ್ನು ನಂಬಿ ಕೈಗೊಳ್ಳುವ ನಿರ್ಧಾರದ ಬೆಲೆ ಲಕ್ಷಗಳಲ್ಲಿರಬಹುದು. ಆದ್ದರಿಂದ ಪುಸ್ತಕದ ಶಿಫಾರಸು ಕೂಡ ಒಂದು ಬಗೆಯ ಜಾಮೀನೇ ಆಗಿದೆ.

ಕೈಯಿಂದ ಕೈಗೆ ಬಂದ ಪ್ರತಿ

ಒಬ್ಬ ಓದುಗನ ಮಾತಿಗೆ ಎಂತಹ ಬಲವಿದೆ ಎಂಬುದಕ್ಕೆ ಅಮೆರಿಕದ ಉದ್ಯಮಿಗಳಾದ ಬಿಲ್ ಗೇಟ್ಸ್ ಮತ್ತು ವಾರೆನ್ ಬಫೆಟ್ ಅವರ ಉದಾಹರಣೆ ಉಂಟು. 1991ರಲ್ಲಿ ಇಬ್ಬರಿಗೂ ಪರಿಚಯವಾದ ಸ್ವಲ್ಪ ಕಾಲದಲ್ಲಿಯೇ, ವ್ಯಾಪಾರದ ಬಗ್ಗೆ ತಮಗೆ ಅತ್ಯಂತ ಪ್ರಿಯವಾದ ಪುಸ್ತಕ ಯಾವುದೆಂದು ಗೇಟ್ಸ್ ಕೇಳಿದರು. ಬಫೆಟ್ ಹೆಸರು ಹೇಳಿ ಸುಮ್ಮನಾಗದೆ ಜಾನ್ ಬ್ರೂಕ್ಸ್ ಅವರ ‘ಬಿಸಿನೆಸ್ ಅಡ್ವೆಂಚರ್ಸ್’ ಎಂಬ ಗ್ರಂಥದ ತಮ್ಮ ಸ್ವಂತ ಪ್ರತಿಯನ್ನೇ ಕಳುಹಿಸಿಕೊಟ್ಟರು. 1969ರಲ್ಲಿ ಪ್ರಕಟವಾಗಿದ್ದ ಆ ಪುಸ್ತಕ ಅನಂತರ ಬಹುಕಾಲ ಮಾರುಕಟ್ಟೆಯಲ್ಲಿ ದೊರೆಯುತ್ತಿರಲಿಲ್ಲ. 2014ರಲ್ಲಿ ಗೇಟ್ಸ್ ಅದರ ಕುರಿತು ಲೇಖನ ಬರೆದ ಮೇಲೆ ಪುಸ್ತಕ ಮರುಮುದ್ರಣಗೊಂಡು, ಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿಯನ್ನು ಸೇರಿತು. ಲೇಖಕ ಬ್ರೂಕ್ಸ್ 1993ರಲ್ಲಿಯೇ ತೀರಿಕೊಂಡಿದ್ದರು.

ಗೇಟ್ಸ್ ಅವರ ಲೇಖನ ಪರಿಣಾಮ ಬೀರಿದ್ದು ಕೇವಲ ಹೊಗಳಿಕೆಯಿಂದಲ್ಲ. ಪುಸ್ತಕದ ಯಾವ ಭಾಗದಿಂದ ಏನು ತಿಳಿಯುತ್ತದೆ ಎಂಬುದನ್ನು ಅವರು ಬಿಡಿಸಿ ಹೇಳಿದ್ದರು. ಫೋರ್ಡ್ ಸಂಸ್ಥೆ 1957ರಲ್ಲಿ ಬಿಡುಗಡೆ ಮಾಡಿ 1959ರಲ್ಲಿ ಕೈಬಿಟ್ಟ ‘ಎಡ್ಸೆಲ್’ ಕಾರಿನ ಸೋಲು ಅವುಗಳಲ್ಲೊಂದು. ಗ್ರಾಹಕರ ಸಮೀಕ್ಷೆಯನ್ನು ಅತಿಯಾಗಿ ನಂಬಿದ್ದೇ ಆ ಸೋಲಿಗೆ ಕಾರಣವೆಂಬುದು ರೂಢಿಯ ಮಾತು. ಬ್ರೂಕ್ಸ್ ಬೇರೆಯದನ್ನೇ ತೋರಿಸುತ್ತಾರೆ. ಹೆಸರಿಗಾಗಿ ಸಮೀಕ್ಷೆ ನಡೆಸಿದ್ದರೂ ಕೊನೆಗೆ ಅದನ್ನು ಬದಿಗಿರಿಸಿ, ಹೆನ್ರಿ ಫೋರ್ಡ್ ಅವರ ಮಗನ ಹೆಸರನ್ನೇ ಕಾರಿಗೆ ಇಡಲಾಯಿತು. ಮಾರುಕಟ್ಟೆಯನ್ನು ವಿಚಾರಿಸಿ, ಅದು ಹೇಳಿದ್ದನ್ನು ಕೇಳದೆ ಹೋಗುವುದು ಸಣ್ಣ ಅಂಗಡಿಗಳಲ್ಲಿಯೂ ಕಾಣುವ ದೋಷವೇ ಆಗಿದೆ.

ಬಫೆಟ್ ಅವರದೇ ಇನ್ನೊಂದು ಶಿಫಾರಸು ಇದಕ್ಕಿಂತಲೂ ಖಚಿತವಾದುದು. ಬೆಂಜಮಿನ್ ಗ್ರಹಾಂ ಅವರ ‘ದಿ ಇಂಟೆಲಿಜೆಂಟ್ ಇನ್‌ವೆಸ್ಟರ್’ 1949ರಲ್ಲಿ ಪ್ರಕಟವಾಯಿತು. ಬಫೆಟ್ ಅದನ್ನು 1950ರಲ್ಲಿ, ತಮ್ಮ 19ನೆಯ ವಯಸ್ಸಿನಲ್ಲಿ ಓದಿದರು. ಮುಂದೆ ಅದರ ನಾಲ್ಕನೆಯ ಆವೃತ್ತಿಗೆ ಮುನ್ನುಡಿ ಬರೆದಾಗ 8 ಮತ್ತು 20ನೆಯ ಅಧ್ಯಾಯಗಳಿಗೆ ವಿಶೇಷ ಗಮನ ಕೊಡಬೇಕೆಂದು ಸೂಚಿಸಿದರು. ಮೊದಲನೆಯದು ಮಾರುಕಟ್ಟೆಯ ಏರಿಳಿತಗಳಿಗೆ ಹೂಡಿಕೆದಾರ ಮಣಿಯಬಾರದೆಂಬುದನ್ನೂ, ಎರಡನೆಯದು ಲೆಕ್ಕ ತಪ್ಪಿದರೂ ಬಂಡವಾಳ ಉಳಿಯುವಂತೆ ಅಂತರವಿಟ್ಟುಕೊಂಡು ಖರೀದಿಸಬೇಕೆಂಬುದನ್ನೂ ವಿವರಿಸುತ್ತವೆ. ಬಿಡುವಿಲ್ಲದ ವ್ಯಾಪಾರಿಗೆ ದಪ್ಪ ಪುಸ್ತಕವನ್ನು ಕೊಟ್ಟು ಎರಡು ಅಧ್ಯಾಯಗಳ ಗುರುತು ಹೇಳುವವನೇ ನಿಜವಾದ ಉಪಕಾರಿ.

ಕಾರ್ಖಾನೆಯೊಳಗಿನ ಕಥೆ

ಸಣ್ಣ ತಯಾರಕರ ನಡುವೆ ಕೈ ಬದಲಾಯಿಸಬೇಕಾದ ಪುಸ್ತಕ ‘ದಿ ಗೋಲ್’. ಭೌತವಿಜ್ಞಾನದಲ್ಲಿ ತರಬೇತಿ ಪಡೆದ ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್ ಅವರು ಜೆಫ್ ಕಾಕ್ಸ್ ಅವರೊಂದಿಗೆ ಬರೆದು 1984ರಲ್ಲಿ ಪ್ರಕಟಿಸಿದ ಈ ಗ್ರಂಥ ಕಾದಂಬರಿಯ ರೂಪದಲ್ಲಿದೆ. ಮೂರು ತಿಂಗಳೊಳಗೆ ಸುಧಾರಿಸದಿದ್ದರೆ ಕಾರ್ಖಾನೆ ಮುಚ್ಚಲಾಗುವುದೆಂಬ ಎಚ್ಚರಿಕೆಯನ್ನು ಅದರ ವ್ಯವಸ್ಥಾಪಕ ಎದುರಿಸುತ್ತಾನೆ. ಎಲ್ಲ ಯಂತ್ರಗಳೂ ಸದಾ ದುಡಿಯುತ್ತಿದ್ದರೂ ಸರಕು ಹೊರಹೋಗದೆ ರಾಶಿ ಬೀಳುವುದೇಕೆಂದು ಹುಡುಕಿದಾಗ, ಒಂದೆರಡು ಕಡೆಗಳಲ್ಲಿ ಮಾತ್ರ ಕೆಲಸ ಕಟ್ಟಿಕೊಂಡಿರುವುದು ತಿಳಿಯುತ್ತದೆ. ಅಂತಹ ಇಕ್ಕಟ್ಟಿನ ಯಂತ್ರದಲ್ಲಿ ಕಳೆದುಹೋದ ಒಂದು ಗಂಟೆ ಇಡೀ ಕಾರ್ಖಾನೆ ಕಳೆದುಕೊಂಡ ಗಂಟೆಯಾಗುತ್ತದೆ. ಪರಿಹಾರಗಳು ಸರಳವಾಗಿವೆ: ಊಟದ ವಿರಾಮದಲ್ಲಿಯೂ ಆ ಯಂತ್ರ ನಿಲ್ಲದಂತೆ ನೋಡಿಕೊಳ್ಳುವುದು, ದೋಷವುಳ್ಳ ಬಿಡಿಭಾಗಗಳನ್ನು ಅದರ ಬಳಿಗೆ ಬರುವ ಮುನ್ನವೇ ಬೇರ್ಪಡಿಸುವುದು, ಬದಿಗೊತ್ತಿದ್ದ ಹಳೆಯ ಯಂತ್ರವನ್ನು ನೆರವಿಗೆ ತರುವುದು. ಸಾಲ ಮಾಡಿ ಹೊಸ ಯಂತ್ರ ಕೊಳ್ಳಲು ಹೊರಟವರು, ಕೊಳ್ಳುವ ಯಂತ್ರ ನಿಜವಾಗಿಯೂ ಇಕ್ಕಟ್ಟಿನ ಜಾಗದ್ದೇ ಎಂದು ಕೇಳಿಕೊಳ್ಳುವಂತೆ ಈ ಪುಸ್ತಕ ಮಾಡುತ್ತದೆ.

ಆದರೆ ಶಿಫಾರಸು ಇಲ್ಲಿಗೆ ನಿಂತರೆ ಅರ್ಧ ಮಾತಾದೀತು. ಕಥೆಯ ಕಾರ್ಖಾನೆ ದೊಡ್ಡ ಸಂಸ್ಥೆಯೊಂದರ ಘಟಕ. ಹತ್ತು ಜನರ ವರ್ಕ್‌ಶಾಪಿನಲ್ಲಿ ಆರ್ಡರು ಬದಲಾದಂತೆ ಇಕ್ಕಟ್ಟಿನ ಜಾಗವೂ ಬದಲಾಗುತ್ತದೆ. ಹಲವೆಡೆ ಇಕ್ಕಟ್ಟು ಯಂತ್ರದಲ್ಲಿರದೆ ಬಾರದ ಬಾಕಿಯಲ್ಲಿರುತ್ತದೆ. ಸಣ್ಣ ಉದ್ದಿಮೆಗಳಿಂದ ಸರಕು ಪಡೆದವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಕಾಯಿದೆ ವಿಧಿಸಿದ್ದರೂ, ವಸೂಲಿಯ ಕಷ್ಟ ಉದ್ದಿಮೆದಾರರಿಗೆ ಗೊತ್ತಿರುವುದೇ. ಆ ಕಷ್ಟಕ್ಕೆ ಗೋಲ್ಡ್‌ರಾಟ್ ಅವರ ಕಥೆಯಲ್ಲಿ ನೇರ ಉತ್ತರ ಸಿಗದು. ಇದನ್ನೂ ಸೇರಿಸಿ ಹೇಳಿದಾಗಲೇ ಅಭಿಪ್ರಾಯ ಪೂರ್ಣವಾಗುತ್ತದೆ.

ಮಾತು ತಿದ್ದಿಕೊಳ್ಳುವ ಧೈರ್ಯ

ಕೆಲವೊಮ್ಮೆ ಪುಸ್ತಕ ಬದಲಾಗದಿದ್ದರೂ ಅದು ವರ್ಣಿಸಿದ ಜಗತ್ತು ಬದಲಾಗುತ್ತದೆ. ಜಿಮ್ ಕಾಲಿನ್ಸ್ ಅವರ ‘ಗುಡ್ ಟು ಗ್ರೇಟ್’ 2001ರಲ್ಲಿ ಪ್ರಕಟವಾಗಿ, ಜಗತ್ತಿನಾದ್ಯಂತ ಉದ್ಯಮಿಗಳು ಪರಸ್ಪರ ಸೂಚಿಸಿಕೊಂಡ ಗ್ರಂಥ. ಮಾದರಿಯೆಂದು ಅದು ಆರಿಸಿದ 11 ಸಂಸ್ಥೆಗಳಲ್ಲಿ ವಿದ್ಯುನ್ಮಾನ ವಸ್ತುಗಳ ಮಾರಾಟ ಸಂಸ್ಥೆಯಾದ ಸರ್ಕಿಟ್ ಸಿಟಿಯೂ, ಗೃಹಸಾಲ ಕ್ಷೇತ್ರದ ಫ್ಯಾನಿ ಮೇ ಕೂಡ ಇದ್ದವು. ಸರ್ಕಿಟ್ ಸಿಟಿ 2007ರಲ್ಲಿ ಹೆಚ್ಚು ಸಂಬಳದ ಸುಮಾರು 3,400 ಮಾರಾಟ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಿತು. 2008ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿ, 2009ರಲ್ಲಿ ತನ್ನ ಮಳಿಗೆಗಳನ್ನು ಮುಚ್ಚಿತು. ಫ್ಯಾನಿ ಮೇ 2008ರ ಆರ್ಥಿಕ ಬಿಕ್ಕಟ್ಟಿನಲ್ಲಿ ಸರ್ಕಾರದ ಹತೋಟಿಗೆ ಹೋಯಿತು. ಕಾಲಿನ್ಸ್ ಅವರೇ 2009ರಲ್ಲಿ, ಮಹಾನ್ ಸಂಸ್ಥೆಗಳು ಬೀಳುವ ಬಗೆಯನ್ನು ಕುರಿತು ‘ಹೌ ದಿ ಮೈಟಿ ಫಾಲ್’ ಎಂಬ ಪುಸ್ತಕ ಬರೆದರು. ಇದರಿಂದ ಮೊದಲ ಪುಸ್ತಕ ನಿರರ್ಥಕವೆಂದಾಗುವುದಿಲ್ಲ. ಆದರೆ ಅದನ್ನು ಹಿಂದೆ ಸೂಚಿಸಿದವರು ಎರಡನೆಯದನ್ನೂ ಜೊತೆಗೆ ಸೂಚಿಸುವುದು ನ್ಯಾಯ. ಜಾಮೀನು ನಿಂತ ಗಿರಾಕಿ ಮುಗ್ಗರಿಸಿದಾಗ ಪೇಟೆಗೆ ತಿಳಿಸುವುದು ವರ್ತಕ ಧರ್ಮವಷ್ಟೆ.

ನಾಡಿನ ನಂಟು

ವ್ಯಾಪಾರಕ್ಕೂ ಪುಸ್ತಕಕ್ಕೂ ಇರುವ ನಂಟು ಕನ್ನಡ ನಾಡಿಗೆ ಹೊಸದಲ್ಲ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. ಮರುವರ್ಷವೇ ಅಲ್ಲಿ ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಯಾಯಿತು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯ ಮೊದಲರ್ಧವನ್ನು ವರ್ತಕರು ವೃತ್ತಿಯಿಂದಲೇ ಪಾಲಿಸುತ್ತಾರೆ. ಉಳಿದರ್ಧಕ್ಕೆ ಸಹೋದ್ಯೋಗಿಗಳ ನೆರವು ಬೇಕಾಗುತ್ತದೆ.

ಅದಕ್ಕೆ ದೊಡ್ಡ ಏರ್ಪಾಡೇನೂ ಬೇಡ. ಮಾಸಿಕ ಸಭೆಯ ಕೊನೆಯಲ್ಲಿ ಒಬ್ಬ ಸದಸ್ಯರು ಹತ್ತು ನಿಮಿಷ ತಾವು ಓದಿದ ಒಂದು ಪುಸ್ತಕದ ಬಗ್ಗೆ ಮಾತನಾಡಿದರೆ ಸಾಕು. ಪುಸ್ತಕ ಯಾರಿಗೆ ಉಪಯುಕ್ತ, ಯಾವ ಅಧ್ಯಾಯ ಮುಖ್ಯ, ತಮ್ಮ ವ್ಯವಹಾರದಲ್ಲಿ ಅದರ ಯಾವ ಮಾತು ನಿಂತಿತು, ಯಾವುದು ನಿಲ್ಲಲಿಲ್ಲ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತರೆ, ಕೇಳಿದವರು ಅದನ್ನು ಕೊಳ್ಳಬೇಕೋ ಬೇಡವೋ ಎಂಬುದನ್ನು ತಾವೇ ನಿರ್ಧರಿಸಬಲ್ಲರು. ನಾಲ್ಕನೆಯ ಪ್ರಶ್ನೆಗೆ ಉತ್ತರ ಸಿದ್ಧವಿಲ್ಲದವರು ಪುಸ್ತಕವನ್ನು ಇನ್ನೊಮ್ಮೆ ಓದಿಕೊಂಡು ಮುಂದಿನ ತಿಂಗಳು ಮಾತನಾಡುವುದು ಲೇಸು.